ಬಿಎಗೆ ರಾಜ್ಯಶಾಸ್ತ್ರ ತಗೊಳ್ಳಬಹುದಾ?

ಪಿಯುಸಿ ಆರ್ಟ್ಸ್ ಮುಗಿದಿದೆ, ಬಿಎಗೆ ರಾಜ್ಯಶಾಸ್ತ್ರ ತಗೊಳ್ಳೋ ಆಸೆ ಇದೆ, ಆದರೆ ಮನೆಯಲ್ಲಿ "ಅದನ್ನ ಓದಿ ಏನು ಎಲೆಕ್ಷನ್‌ಗೆ ನಿಲ್ತೀಯಾ?" ಅಂತಾರೆ, ಏನು ಮಾಡಲಿ ಅಂತ ಮುಧೋಳದಿಂದ ಕೇಳಿದ್ದೀರಿ. ಧೈರ್ಯವಾಗಿ ತಗೊಳ್ಳಿ. ನಾನು ಬಾಗಲಕೋಟೆಯಲ್ಲಿ ಬಿಎ, ಬೆಳಗಾವಿಯಲ್ಲಿ ಎಂಎ ಮಾಡಿದ್ದು ಇದೇ ವಿಷಯದಲ್ಲಿ. ಈಗ ಪಾಠ ಮಾಡುವುದೂ ಇದನ್ನೇ. ಆದರೆ ಹೇಗೆ ಓದಬೇಕು ಅನ್ನೋದರ ಬಗ್ಗೆ ಸ್ವಲ್ಪ ಹೇಳಲೇಬೇಕು.

ಪಾಸಾಗೋಕೆ ಸುಲಭ ಅಂತ ಈ ವಿಷಯ ತಗೊಳ್ಳುವವರು ನಮ್ಮ ಕಡೆ ಜಾಸ್ತಿ. ಪರೀಕ್ಷೆ ಹತ್ತಿರ ಬಂದಾಗ ಗೈಡ್ ತರ್ತಾರೆ, "ರಾಷ್ಟ್ರಪತಿಯ ಅಧಿಕಾರಗಳು" ಅಂತ ಹತ್ತು ಪಾಯಿಂಟ್ ಬಾಯಿಪಾಠ ಮಾಡ್ತಾರೆ. ಅಂಕವೇನೋ ಬರುತ್ತೆ. ಆರು ತಿಂಗಳು ಬಿಟ್ಟು ಕೇಳಿದರೆ ಒಂದೂ ನೆನಪಿರಲ್ಲ.

ಅದೇ ಪಾಠವನ್ನು ಬಿ.ಡಿ. ಜತ್ತಿಯವರಿಂದ ಶುರು ಮಾಡಿ ನೋಡಿ. ನಿಮ್ಮ ಪಕ್ಕದ ಜಮಖಂಡಿ ತಾಲೂಕಿನ ಸಾವಳಗಿಯವರು. ಜಮಖಂಡಿ ಪುರಸಭೆಯಿಂದ ಹೊರಟು ರಾಜ್ಯದ ಮುಖ್ಯಮಂತ್ರಿ ಆದರು, ಆಮೇಲೆ ಉಪರಾಷ್ಟ್ರಪತಿ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಇವರೇ ಹಂಗಾಮಿ ರಾಷ್ಟ್ರಪತಿ. ಹೊಸದಾಗಿ ಬಂದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಸಲಹೆ ಕೊಟ್ಟಿತು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಕೊನೆಗೆ ಹಾಕಿದರು. ಯಾಕೆ ತಡೆದರು? ಯಾಕೆ ಹಾಕಬೇಕಾಯಿತು? ಇದನ್ನು ಹುಡುಕುತ್ತಾ ಹೋದರೆ 74ನೇ ವಿಧಿ ಸಿಗುತ್ತೆ. ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧ ಅಂತ ಬರೆದ 42ನೇ ತಿದ್ದುಪಡಿ ಸಿಗುತ್ತೆ. ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು ಅಂದ 44ನೇದ್ದು ಸಿಗುತ್ತೆ. ಅಲ್ಲಿಂದ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿ, ಅಲ್ಲಿಂದ ಅದರ ಬಳಕೆಗೆ ಮಿತಿ ಹಾಕಿದ 1994ರ ಎಸ್.ಆರ್. ಬೊಮ್ಮಾಯಿ ತೀರ್ಪು. ಅರ್ಧ ಸೆಮಿಸ್ಟರ್ ಪಾಠ ನಿಮ್ಮ ಪಕ್ಕದೂರಿನ ಒಬ್ಬರ ಒಂದು ಸಹಿಯ ಸುತ್ತ ಕೂತಿದೆ, ಅಲ್ವಾ?

ಒಕ್ಕೂಟ ವ್ಯವಸ್ಥೆಗೂ ನೀವು ದೂರ ಹೋಗಬೇಕಿಲ್ಲ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಷಯ ನಮ್ಮ ಜಿಲ್ಲೆಯಲ್ಲಿ ಚಹಾದಂಗಡಿಯಲ್ಲೂ ಮಾತಾಗುತ್ತೆ. ಕೃಷ್ಣಾ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಏನು ಹೇಳಿತು, 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಏನು ಹೇಳಿತು, ಹೀಗೆ ನ್ಯಾಯಮಂಡಳಿ ಮಾಡೋಕೆ 262ನೇ ವಿಧಿಯಲ್ಲಿ ಏನಿದೆ, ಇಷ್ಟು ಓದಿಕೊಂಡು ಆ ಮಾತು ಕೇಳಿ. ಆಲಮಟ್ಟಿ ಹಿನ್ನೀರಿಗೆ ಮನೆ ಕಳಕೊಂಡವರಿಗಾಗಿ ಬಾಗಲಕೋಟೆಯಲ್ಲಿ ಕಟ್ಟಿದ ನವನಗರ ಯಾಕೆ ಹುಟ್ಟಿತು ಅನ್ನೋದೂ ಇದೇ ಪಾಠ.

ಇನ್ನು ಗ್ರಾಮಸಭೆ. ನಿಮ್ಮೂರಿನದಕ್ಕೆ ತಪ್ಪದೆ ಹೋಗಿ. ಪಿಡಿಒ ಅವರನ್ನು ಕೇಳಿ ನಡಾವಳಿ ಪುಸ್ತಕ ನೋಡಿ. ನಾನು ನೋಡಿದ ಒಂದರಲ್ಲಿ ಎಡಗಡೆ ವಿಷಯ, ಬಲಗಡೆ ಠರಾವು, ಕೆಳಗೆ ಸಾಲಾಗಿ ಸಹಿ, ಮಧ್ಯೆ ಮಧ್ಯೆ ಹೆಬ್ಬೆಟ್ಟು. ಚರಂಡಿ ಕೆಲಸದ ಠರಾವಿಗೆ ಅಧ್ಯಕ್ಷೆಯ ಸಹಿ ಇತ್ತು. ಸಭೆಯಲ್ಲಿ ಮಾತಾಡಿದ್ದು ಮಾತ್ರ ಪೂರ್ತಿ ಅವರ ಗಂಡ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ, ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧ ಸೀಟು, ಇವೆಲ್ಲ ಪುಸ್ತಕದಲ್ಲಿ ಒಂದು ಸಾಲು. ಆ ಸಾಲು ಎಲ್ಲಿ ನಿಂತಿದೆ, ಎಲ್ಲಿ ಮುಗ್ಗರಿಸಿದೆ ಅಂತ ಕಣ್ಣಾರೆ ಕಂಡವರು ಬರೆಯುವ ಉತ್ತರವೇ ಬೇರೆ. ಪೇಪರ್ ತಿದ್ದುವಾಗ ನನಗೆ ಅದು ಎರಡನೇ ಪ್ಯಾರಾದಲ್ಲೇ ಗೊತ್ತಾಗುತ್ತೆ.

ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ಸುವರ್ಣ ವಿಧಾನಸೌಧಕ್ಕೂ ಹೋಗಿ ಬನ್ನಿ. ಪಾಸ್ ಬೇಕು, ಕಾಲೇಜಿನ ಮೂಲಕ ಕೇಳಿ. ಗಲಾಟೆ ನೋಡೋಕೆ ಟಿವಿ ಸಾಕು. ನೀವು ಪ್ರಶ್ನೋತ್ತರ ನೋಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು. ಅದರ ಹಿಂದೆ ಉಪಪ್ರಶ್ನೆ ಬರುತ್ತೆ.

ಕೆಲಸದ ವಿಷಯಕ್ಕೆ ಬರ್ತೀನಿ, ಮನೆಯವರ ಚಿಂತೆ ಅದೇ ಇರುತ್ತೆ. ಬಿಎ ಆದಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ನನ್ನನ್ನು ಕೇಳಿದರೆ ಈ ವಿಷಯಕ್ಕೆ ಅತಿ ಹೊಂದುವ ದಾರಿ ಅದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದು ಐಚ್ಛಿಕ ವಿಷಯ, 250 ಅಂಕದ ಎರಡು ಪತ್ರಿಕೆ, ಕನ್ನಡದಲ್ಲೂ ಬರೆಯಬಹುದು. ಪಿಯು ಉಪನ್ಯಾಸಕರಾಗೋಕೆ ಎಂಎ ಜೊತೆ ಬಿ.ಎಡ್ ಬೇಕು. ಡಿಗ್ರಿ ಕಾಲೇಜಿಗೆ ಎಂಎಯಲ್ಲಿ ಶೇ. 55 ಮತ್ತು ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಬರೀ ಎಂಎ ಮಾಡಿ ಅತಿಥಿ ಉಪನ್ಯಾಸಕರಾಗಿ ಕೂರುವ ಯೋಚನೆ ಬೇಡ. ವರ್ಷ ವರ್ಷ ಆರ್ಡರ್‌ಗೆ ಕಾಯುತ್ತಾ ವಯಸ್ಸು ಕಳೆದ ಒಳ್ಳೊಳ್ಳೆ ಮೇಷ್ಟ್ರುಗಳು ನನ್ನ ಸುತ್ತಲೇ ಇದ್ದಾರೆ. ಅವರನ್ನು ನೋಡಿದರೆ ಸಂಕಟ ಆಗುತ್ತೆ.

2024-25ರಿಂದ ಬಿಎ ಮತ್ತೆ ಮೂರು ವರ್ಷ, ಮೂರು ಮುಖ್ಯ ವಿಷಯ. ಹಾಗಾಗಿ ಜೊತೆಗೆ ಯಾವ ಎರಡು ಅನ್ನೋದೂ ಮುಖ್ಯ. ನಾನಾದರೆ ಇತಿಹಾಸ, ಅರ್ಥಶಾಸ್ತ್ರ ಅಂತೀನಿ. ಹೈಸ್ಕೂಲ್ ಶಿಕ್ಷಕಿ ಆಗೋ ಮನಸ್ಸಿದ್ದರೆ ಬಿ.ಎಡ್‌ಗೂ ನೇಮಕಾತಿಗೂ ಯಾವ ಕಾಂಬಿನೇಷನ್ ನಡೆಯುತ್ತೆ ಅಂತ ಅಡ್ಮಿಷನ್‌ಗೆ ಮೊದಲೇ ವಿಚಾರಿಸಿ. ಫೀ ಕಟ್ಟಿದ ಮೇಲೆ ಬದಲಾಯಿಸೋಕೆ ಕಷ್ಟ.