ಸಾರಾಂಶ ಬದಿಗಿಡಿ, ಕೋಷ್ಟಕದ ಕೆಳಗಿನ ಸಾಲು ನೋಡಿ

ಪ್ರಶ್ನೆ: ಕೊಳೆರೋಗಕ್ಕೆ ಹೊಸ ಔಷಧಿ ಹೊಡೆದರೆ ಉದುರುವ ಅಡಿಕೆ ಶೇ. 60ರಷ್ಟು ಕಡಿಮೆಯಾಗುತ್ತದೆ ಎನ್ನುವ ಸಂಶೋಧನಾ ಪ್ರಬಂಧವೊಂದು ನಮ್ಮ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿದೆ. ನಂಬಿ ದುಡ್ಡು ಹಾಕಬಹುದೇ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಮೊದಲ ಪುಟದ ಸಾರಾಂಶವನ್ನು ಸದ್ಯಕ್ಕೆ ಬದಿಗಿಟ್ಟು ‘ಸಾಮಗ್ರಿ ಮತ್ತು ವಿಧಾನ’ ಭಾಗಕ್ಕೆ ಹೋಗಿ. ಶೇ. 60 ಕಡಿಮೆ ಎಂದರೆ ಯಾವುದಕ್ಕಿಂತ? ಏನೂ ಹೊಡೆಯದ ಮರಗಳಿಗಿಂತ ಎಂದಾದರೆ ಆ ಅಂಕಿಯಿಂದ ನಿಮಗೆ ಉಪಯೋಗವಿಲ್ಲ. ಮಳೆ ಹಿಡಿಯುವ ಮುಂಚೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯದೆ ತೋಟ ಬಿಡುವವರು ನಮ್ಮಲ್ಲಿ ಎಷ್ಟು ಜನ? ಹೋಲಿಕೆ ಶೇ. 1ರ ಬೋರ್ಡೋ ಜೊತೆಗೇ ಆಗಬೇಕು: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಒಂದೇ ದಿನ, ಅಷ್ಟೇ ಸಲ ಹೊಡೆದಿದ್ದಾರೆಯೇ ನೋಡಿ. ಬೋರ್ಡೋ ಒಂದೇ ಸಲ, ಹೊಸದು ಮೂರು ಸಲ ಎಂದಿದ್ದರೆ ಗೆದ್ದದ್ದು ಔಷಧಿಯೋ ಸಿಂಪರಣೆಯ ಲೆಕ್ಕವೋ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ನೂರಕ್ಕೆ 50 ಕಾಯಿ ಉದುರುತ್ತಿದ್ದದ್ದು 20ಕ್ಕೆ ಇಳಿದರೂ ಶೇ. 60, 5 ಇದ್ದದ್ದು 2ಕ್ಕೆ ಇಳಿದರೂ ಶೇ. 60. ಔಷಧಿಯ ಖರ್ಚು ವಾಪಸ್ ಬರುವುದು ಮೊದಲನೆಯದರಲ್ಲಿ ಮಾತ್ರ.

ಆಮೇಲೆ ಪುನರಾವರ್ತನೆ, ಅಂದರೆ ಒಂದೇ ಔಷಧಿಯನ್ನು ಬೇರೆ ಬೇರೆ ಕಡೆ ಹಾಕಿ ನೋಡುವುದು. ಒಂದು ತೋಟದ 40 ಮರಕ್ಕೆ ಹೊಸ ಔಷಧಿ, ಪಕ್ಕದ ತೋಟದ 40 ಮರಕ್ಕೆ ಬೋರ್ಡೋ ಹೊಡೆದು ‘80 ಮರಗಳ ಪ್ರಯೋಗ’ ಎಂದು ಬರೆಯುವವರಿದ್ದಾರೆ. ಇದು ನಿಜಕ್ಕೂ ಒಂದು ತೋಟಕ್ಕೆ ಒಂದು ತೋಟದ ಹೋಲಿಕೆ. ಹಳ್ಳದಂಚಿನ ತೋಟದಲ್ಲಿ ತೇವ ಆರುವುದಿಲ್ಲ, ಗುಡ್ಡದ ಬದಿಯ ತೋಟಕ್ಕೆ ಗಾಳಿ ಆಡುತ್ತದೆ. ಔಷಧಿಯೇ ಇಲ್ಲದಿದ್ದರೂ ಕೊಳೆ ಎರಡರಲ್ಲೂ ಒಂದೇ ಸಮ ಇರುವುದಿಲ್ಲ. ತೋಟವನ್ನು ತುಂಡುಗಳಾಗಿ ಮಾಡಿ, ಯಾವ ತುಂಡಿಗೆ ಯಾವ ಔಷಧಿ ಎಂದು ಚೀಟಿ ಎತ್ತಿದಂತೆ ಹಂಚಿ, ಪ್ರತಿಯೊಂದನ್ನೂ ಕನಿಷ್ಠ ಮೂರು ನಾಲ್ಕು ಕಡೆ ಹಾಕಿದ್ದರೆ ಮುಂದೆ ಓದಿ. ಒಂದೇ ಮಳೆಗಾಲದ ಪ್ರಯೋಗವಾದರೆ ಅರ್ಧ ನಂಬಿ.

ಈಗ ಕೋಷ್ಟಕ. ಕೃಷಿ ಪ್ರಬಂಧಗಳಲ್ಲಿ ಕೋಷ್ಟಕದ ಕೆಳಗೆ ಸಿ.ಡಿ., ಅಂದರೆ ಕ್ರಿಟಿಕಲ್ ಡಿಫರೆನ್ಸ್ ಎಂಬ ಸಾಲು ಇರುತ್ತದೆ. ಎರಡು ಉಪಚಾರಗಳ (ಹೋಲಿಸಿದ ಔಷಧಿಗಳ) ನಡುವಿನ ಅಂತರ ಈ ಸಂಖ್ಯೆಗಿಂತ ಕಡಿಮೆಯಿದ್ದರೆ ಯಾವುದು ಮೇಲೆಂದು ಹೇಳಲಾಗದು ಎಂದು ತಿಳಿಯಿರಿ. ಅಲ್ಲಿ ‘ಎನ್.ಎಸ್.’ (ನಾನ್-ಸಿಗ್ನಿಫಿಕೆಂಟ್, ಅಂದರೆ ಗಣನೀಯ ಅಂತರವಿಲ್ಲ) ಎಂದಿದ್ದರೆ ಯಾವ ಉಪಚಾರವೂ ಗೆದ್ದಿಲ್ಲ.

ತುಂಬಾ ಜನ ಎಡವುವ ಜಾಗ ಇಲ್ಲೇ ಇದೆ. ಹೊಸ ಔಷಧಿಯಲ್ಲಿ ಕೊಳೆ ಶೇ. 12.00, ಮುಂದೆ ಕಂಸದಲ್ಲಿ 20.27, ಬೋರ್ಡೋದಲ್ಲಿ 18.00, ಕಂಸದಲ್ಲಿ 25.10, ಸಿ.ಡಿ. 5.50 ಎಂದುಕೊಳ್ಳಿ. 18ರಲ್ಲಿ 12 ಕಳೆದರೆ 6, ಸಿ.ಡಿ.ಗಿಂತ ಹೆಚ್ಚು, ಹೊಸದೇ ಮೇಲು ಎನಿಸುತ್ತದೆ. ಆದರೆ ಶೇಕಡಾ ಅಂಕಿಗಳನ್ನು ವಿಶ್ಲೇಷಿಸುವ ಮುಂಚೆ ಒಂದು ಗಣಿತ ಸೂತ್ರದಿಂದ ಕೋನದ ಮೌಲ್ಯಕ್ಕೆ ಬದಲಾಯಿಸುವುದು ರೂಢಿ. ಕಂಸದಲ್ಲಿರುವುದು ಅದೇ. ಹಾಗೆ ಬದಲಾಯಿಸಿದಲ್ಲಿ ಸಿ.ಡಿ. ಕೂಡ ಆ ಸಂಖ್ಯೆಗಳದ್ದು. 25.10ರಲ್ಲಿ 20.27 ಕಳೆದರೆ ಬರೀ 4.83. ಹಾಗಾಗಿ ಹೊಸದು ಬೋರ್ಡೋಗಿಂತ ಮೇಲೆಂದು ಈ ಪ್ರಯೋಗ ತೋರಿಸಿಲ್ಲ. ನಿಮ್ಮ ಪಿಡಿಎಫ್‌ನಲ್ಲಿ ಈ ಕಳೆಯುವ ಲೆಕ್ಕವನ್ನು ನೀವೇ ಮಾಡಿ, ಐದು ನಿಮಿಷದ ಕೆಲಸ.

ಔಷಧಿಯನ್ನು ಉಚಿತವಾಗಿ ಕೊಟ್ಟವರು, ಹಣ ಕೊಟ್ಟವರು ಯಾರು ಎಂದು ಕೊನೆಯ ಪುಟದ ಕೃತಜ್ಞತೆಯಲ್ಲಿರುತ್ತದೆ. ಕಂಪನಿಯ ಹಣ ಎಂದ ಮಾತ್ರಕ್ಕೆ ಸುಳ್ಳಲ್ಲ, ಆದರೆ ಮೇಲಿನ ಪರೀಕ್ಷೆಗಳನ್ನು ಬಿಗಿಯಾಗಿ ಮಾಡಿ.

ಪ್ರಶ್ನೆ: ಮಂಗನ ಕಾಯಿಲೆಯ ಹಳೆಯ ಲಸಿಕೆಗೆ ಎರಡು ಡೋಸ್‌ನಿಂದ ಶೇ. 93.5 ರಕ್ಷಣೆ ಎಂದು 1994ರ ಪ್ರಬಂಧದಲ್ಲಿದೆ. 2013ರದ್ದರಲ್ಲಿ ಶೇ. 62.4. ಯಾವುದು ಸುಳ್ಳು?
– ಪದವಿ ವಿದ್ಯಾರ್ಥಿನಿ, ಸಾಗರ

ಉತ್ತರ: ಎರಡೂ ಸುಳ್ಳಲ್ಲ. 1994ರದ್ದು ಲಸಿಕೆಯನ್ನು ಪರೀಕ್ಷಿಸಲೆಂದೇ ನಡೆಸಿದ ಕ್ಷೇತ್ರ ಪ್ರಯೋಗ. 2013ರದ್ದು 2005ರಿಂದ 2010ರವರೆಗೆ ಸರ್ಕಾರಿ ಲಸಿಕಾ ಕಾರ್ಯಕ್ರಮ ಎಷ್ಟು ಫಲ ಕೊಟ್ಟಿತು ಎಂಬ ಲೆಕ್ಕ. ಎರಡನೆಯ ಡೋಸ್ ತಡವಾಗುವುದೆಲ್ಲ ಕಾರ್ಯಕ್ರಮದಲ್ಲಿ ಸಹಜ. ಪ್ರಯೋಗದ ಅಂಕಿಗಿಂತ ಊರಿನ ಅಂಕಿ ಇಳಿಯುವುದು ಸಾಮಾನ್ಯ.

62.4ರ ಮುಂದೆ ಕಂಸದಲ್ಲಿ 26.1ರಿಂದ 80.8 ಎಂದಿದೆ, ನೋಡಿದಿರಾ? ನಿಜವಾದ ರಕ್ಷಣೆ ಆ ಹರವಿನಲ್ಲಿ ಎಲ್ಲಾದರೂ ಇರಬಹುದು ಎಂದರ್ಥ. ಇಷ್ಟು ಅಗಲದ ಹರವಿದ್ದಾಗ 62.4 ಅನ್ನು ಪಕ್ಕಾ ಅಂಕಿ ಎಂದು ಹಿಡಿಯಬಾರದು. ಅದೇ ಪ್ರಬಂಧದಲ್ಲಿ ಬೂಸ್ಟರ್ ಕೂಡ ಪಡೆದವರಿಗೆ 82.9, ಹರವು 71.3ರಿಂದ 89.8. ಇದು ಹೆಚ್ಚು ಗಟ್ಟಿ.

ಇನ್ನೊಂದು ಕೇಳಲೇಬೇಕಾದ ಪ್ರಶ್ನೆ: ಲಸಿಕೆ ಪಡೆದವರು ಯಾರು, ಬಿಟ್ಟವರು ಯಾರು? ಕಾರ್ಯಕ್ರಮದಲ್ಲಿ ಚೀಟಿ ಎತ್ತಿ ಕೊಡುತ್ತಿರಲಿಲ್ಲ, ಬಂದವರಿಗೆ ಕೊಡುತ್ತಿದ್ದರು. ಸೊಪ್ಪಿಗೆ, ಸೌದೆಗೆ ದಿನವೂ ಕಾಡಿಗೆ ಹೋಗಿ ಈ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಳ್ಳುವವರೇ ಹೆಚ್ಚಾಗಿ ಹಾಕಿಸಿಕೊಂಡಿದ್ದರೆ ಲಸಿಕೆಯ ಬಲ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಮನೆಯಲ್ಲೇ ಇರುವವರು ಹಾಕಿಸಿಕೊಂಡಿದ್ದರೆ ಹೆಚ್ಚು ಕಾಣುತ್ತದೆ.

ಪ್ರಶ್ನೆ: ಪ್ರಬಂಧ ತೆರೆದರೆ ದುಡ್ಡು ಕೇಳುತ್ತದೆ. ಸಾರಾಂಶ ಮಾತ್ರ ಓದಿದರೆ ಸಾಲದೇ?
– ಪ್ರೌಢಶಾಲಾ ಶಿಕ್ಷಕ, ಹೊಸನಗರ

ಉತ್ತರ: ಸಾಲದು. ಸಿ.ಡಿ., ಹಣದ ಮೂಲ ಸಾರಾಂಶದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ವೈದ್ಯಕೀಯ ವಿಷಯವಾದರೆ ಪಬ್‌ಮೆಡ್ ಸೆಂಟ್ರಲ್ ಎಂಬ ಜಾಲತಾಣದಲ್ಲಿ ಪೂರ್ತಿ ಪ್ರಬಂಧಗಳು ಉಚಿತವಾಗಿವೆ. ಅಲ್ಲಿಲ್ಲದಿದ್ದರೆ ಮೊದಲ ಪುಟದ ಕೆಳಗೆ ಸಂಪರ್ಕ ಲೇಖಕರ ಇಮೇಲ್ ಇರುತ್ತದೆ. ಶೀರ್ಷಿಕೆ, ವರ್ಷ ಬರೆದು ಪ್ರತಿ ಕಳಿಸಿ ಎಂದು ಎರಡು ಸಾಲು ಬರೆಯಿರಿ. ಕೇಳಿದರೆ ಬಹಳಷ್ಟು ಸಂಶೋಧಕರು ಕಳಿಸುತ್ತಾರೆ. ಸಿಕ್ಕ ಮೇಲೆ ಶೀರ್ಷಿಕೆಯ ಜೊತೆ ‘ರಿಟ್ರ್ಯಾಕ್ಷನ್’ ಎಂಬ ಪದ ಸೇರಿಸಿ ಒಮ್ಮೆ ಹುಡುಕಿ: ಪತ್ರಿಕೆಯೇ ವಾಪಸ್ ಪಡೆದ ಪ್ರಬಂಧಗಳು ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಟ್ಟಲೆ ಓಡಾಡುತ್ತಿರುತ್ತವೆ.