ಮೂಡಿಗೆರೆ ತಂಗಿಗೆ, ಹಿಮ ಬೀಳುವ ಮುಂಚೆ

ಮೂಡಿಗೆರೆಯಿಂದ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಮೂರು ತಿಂಗಳಾಯಿತು ಅಂತ ಬರೆದಿದ್ದೀಯ. ಬಾಡಿಗೆ ಮನೆಯ ಹಿತ್ತಲಲ್ಲಿ ಪುಟ್ಟ ಕೊಳ, ಅದರಲ್ಲಿ ಹಿಂದಿನವರು ಬಿಟ್ಟುಹೋದ ನಾಲ್ಕು ಗೋಲ್ಡ್‌ಫಿಶ್. ಚಳಿಗಾಲಕ್ಕೆ ಇವು ಏನಾಗುತ್ತವೆ, ನಾವೇನಾಗುತ್ತೇವೆ ಅಂತ ಒಂದೇ ಉಸಿರಲ್ಲಿ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೇ ನಾನೂ ನೀನು ಅಂತಲೇ ಬರೆಯುತ್ತೇನೆ. ನನ್ನದು ಸಕಲೇಶಪುರ. ಇಲ್ಲಿಗೆ ಬಂದು ಹದಿನಾಲ್ಕು ವರ್ಷ.

ಮೊದಲು ಮೀನಿನ ವಿಷಯ. ಆಗಸ್ಟ್ ಮುಗಿಯುತ್ತಾ ಬಂತು, ಟೈಮ್ ಜಾಸ್ತಿ ಇಲ್ಲ.

ನಮ್ಮ ಕಡೆ ತೋಟದ ಕೆರೆಯ ಮೀನಿಗೆ ಚಳಿ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿಗೆ ಬೆಳಿಗ್ಗೆ ನೀರು ಕೊರೆಯುತ್ತದೆ, ಬಿಸಿಲೇರಿದರೆ ಮುಗೀತು. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ರಾತ್ರಿಗಳಿವೆ. ಗೋಲ್ಡ್‌ಫಿಶ್ ಚಳಿ ತಡೆಯುವ ಮೀನೇ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಅದಕ್ಕೇ ಆಳದ ಕೊಳದಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ ನೀರು ಉಳಿಯುತ್ತದೆ, ಮೀನು ಅಲ್ಲೇ ಸುಮ್ನೆ ನಿಂತು ಚಳಿಗಾಲ ಕಳೆಯುತ್ತದೆ. ಆದರೆ ನಿನ್ನ ಕೊಳದಲ್ಲಿ ನೀರು ಮೊಣಕಾಲಿನವರೆಗೆ ಮಾತ್ರ. ಅದು ತಳದ ತನಕ ಗಡ್ಡೆ ಕಟ್ಟಬಹುದು. ಒಳಗೆ ತರಲೇಬೇಕು.

ಮೊದಲ ವರ್ಷ ನಾನು ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿದೆ. ಬೆಳಿಗ್ಗೆ ಟ್ಯಾಂಕ್ ತಂದೆ, ನೀರು ತುಂಬಿದೆ, ಸಂಜೆ ಮೂರು ಮೀನು ಬಿಟ್ಟೆ. ನೀರು ಕನ್ನಡಿ ಹಾಗಿತ್ತು. ಐದನೇ ದಿನ ಮೂರೂ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಕಿವಿರಿನ ಅಂಚು ಕೆಂಪಗೆ ಉರಿದಂತಿತ್ತು. ಹತ್ತನೇ ದಿನಕ್ಕೆ ಉಳಿದದ್ದು ಒಂದೇ, ಬಿಳಿ ಬಾಲದ್ದು. ಆ ಎರಡನ್ನು ಎತ್ತಿದ ಬೆಳಿಗ್ಗೆ ಇವತ್ತಿಗೂ ಮರೆತಿಲ್ಲ.

ಆಗಿದ್ದು ಇಷ್ಟು. ಮೀನಿನಿಂದ ಅಮೋನಿಯಾ ಬರುತ್ತದೆ, ಅದು ಕಣ್ಣಿಗೆ ಕಾಣದ ವಿಷ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ಹೊಸ ಫಿಲ್ಟರಿನಲ್ಲಿ ಆ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಬೆಳೆಯಲು 4ರಿಂದ 6 ವಾರ ಬೇಕು. ಹೆಪ್ಪು ಹಾಕದೆ ಹಾಲು ಮೊಸರಾಗುತ್ತಾ? ಇದೂ ಹಾಗೇ. ಹೊಸ ಟ್ಯಾಂಕಿನ ಫಿಲ್ಟರ್ ಸ್ಪಂಜನ್ನು ಈ ವಾರವೇ ಕೊಳದ ಪಂಪಿನ ಬಾಯಿಗೆ ಕಟ್ಟಿಬಿಡು. ಅಕ್ಟೋಬರ್ ಮೊದಲ ವಾರ ಮೀನಿನ ಜೊತೆಗೇ ಅದನ್ನೂ ಒಳಗೆ ತಾ. ಅದನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡ, ಹೆಪ್ಪೇ ಹೋಗುತ್ತದೆ.

ನೀರು 10 ಡಿಗ್ರಿಗೆ ಇಳಿಯುವ ಮುಂಚೆ ಹಿಡಿಯಬೇಕು. ಅರ್ಧ ಟ್ಯಾಂಕ್ ಕೊಳದ ನೀರನ್ನೇ ತುಂಬು. ಮಿಕ್ಕಿದ್ದು ನಲ್ಲಿ ನೀರು. ಊರಲ್ಲಿ ನಾವು ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟು ಕ್ಲೋರಿನ್ ಹೋಯಿತು ಅನ್ನುತ್ತಿದ್ದೆವು. ಇಲ್ಲಿನ ನೀರಿಗೆ ಕ್ಲೋರಮೈನ್ ಹಾಕುತ್ತಾರೆ, ಅದು ಹಾಗೆ ಹೋಗುವುದಿಲ್ಲ. ಅದಕ್ಕೆಂದೇ ಸಿಗುವ ಔಷಧಿ ಕೆಲವು ಹನಿ ಹಾಕಬೇಕು. ಹೀಟರ್ ಬೇಡ. ಮುಚ್ಚಳ ಬೇಕೇ ಬೇಕು, ಹೊಸ ಜಾಗದಲ್ಲಿ ಇವು ಎಗರುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸು.

ಊಟದ ವಿಷಯಕ್ಕೆ ಬಂದರೆ ನಮ್ಮವರಿಗೆ ಕೈ ತಡೆಯುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿ ಬೆಳೆದವರಲ್ವಾ! ಆದರೆ ತಣ್ಣೀರಿನಲ್ಲಿ ಮೀನಿಗೆ ಜೀರ್ಣ ಆಗುವುದಿಲ್ಲ. ಕೊಳದ ನೀರು ತಣ್ಣಗಾಗುತ್ತಿದ್ದಂತೆ ಕಡಿಮೆ ಮಾಡು, 10 ಡಿಗ್ರಿಗಿಂತ ಕೆಳಗೆ ಹೋದರೆ ಪೂರ್ತಿ ನಿಲ್ಲಿಸು. ಒಳಗೆ ತಂದ ಮೇಲೂ ಮೊದಲ ಎರಡು ದಿನ ಏನೂ ಬೇಡ.

ಯಾರಾದರೂ ಕೆರೆಗೆ ಬಿಟ್ಟುಬಿಡು ಅಂದರೆ ಕೇಳಬೇಡ. ನಮ್ಮ ಈ ಮಿನ್ನೆಸೋಟ ರಾಜ್ಯದಲ್ಲಿ ಅದು ಕಾನೂನಿಗೆ ವಿರುದ್ಧ. 2021ರಲ್ಲಿ ಇಲ್ಲೇ ಬರ್ನ್ಸ್‌ವಿಲ್‌ನ ಕೆಲ್ಲರ್ ಕೆರೆಯಲ್ಲಿ ಹೀಗೆ ಬಿಟ್ಟ ಗೋಲ್ಡ್‌ಫಿಶ್‌ಗಳು ದೈತ್ಯ ಗಾತ್ರಕ್ಕೆ ಬೆಳೆದು ಸಿಕ್ಕಿದವು. ತಳ ಕೆದಕಿ ನೀರು ಕೆಡಿಸುತ್ತವೆ.

ಇನ್ನು ನಾವೇನಾಗುತ್ತೇವೆ ಅನ್ನುವ ಪ್ರಶ್ನೆ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಮೊದಲ ಚಳಿಗಾಲ ನಾನು ತುಂಬಾ ಅತ್ತಿದ್ದೇನೆ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಕೆಲಸದಿಂದ ಬಂದು ಕೋಟು ಬಿಚ್ಚುವ ಮುಂಚೆ ಆ ಬಿಳಿ ಬಾಲದ ಮೀನು ಗಾಜಿಗೆ ಮೂತಿ ಒತ್ತಿ ನಿಂತಿರುತ್ತಿತ್ತು. ಅಮ್ಮ ವಿಡಿಯೋ ಕಾಲ್ ಮಾಡಿದರೆ ಮೊದಲು ಅದನ್ನೇ ತೋರಿಸು ಅನ್ನುತ್ತಿದ್ದಳು. ಅದನ್ನು ನೋಡಿಕೊಳ್ಳುವ ನೆವದಲ್ಲಿ ಮಾರ್ಚ್ ಬಂತು. ಮೇ ಮಧ್ಯದ ಹೊತ್ತಿಗೆ ಕೊಳದ ನೀರು ಬೆಚ್ಚಗಾದಾಗ ಮತ್ತೆ ಹೊರಗೆ ಬಿಟ್ಟೆ.

ನಾಲ್ಕು ಮೀನಿಗೆ 200 ಲೀಟರಿನ ಟ್ಯಾಂಕ್ ಬೇಕು. ಹೊಸದು ಕೊಳ್ಳಬೇಡ, ನನ್ನ ಬೇಸ್‌ಮೆಂಟಿನಲ್ಲಿ ಒಂದು ಖಾಲಿ ಇದೆ. ಶನಿವಾರ ಬಾ, ಅಕ್ಕಿ ರೊಟ್ಟಿ ತಟ್ಟಿರುತ್ತೇನೆ. ಜೊತೆಗೆ ಗಟ್ಟಿ ಕೈಯ ಯಾರನ್ನಾದರೂ ಕರೆದುಕೊಂಡು ಬಾ, ಅದನ್ನು ಒಬ್ಬರ ಕೈಲಿ ಎತ್ತಲಾಗುವುದಿಲ್ಲ.