ನೋವು ಬಲಗಡೆ, ಅಗಿಯಬೇಕಾದದ್ದು ಯಾವ ಕಡೆ?

ಓದುಗರ ಪ್ರಶ್ನೆಗಳಿಗೆ ತುಮಕೂರಿನ ದಂತವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 46 ವರ್ಷ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಾಯಿ ತೆರೆದಾಗಲೆಲ್ಲ ಬಲಗಿವಿಯ ಮುಂದೆ ‘ಟಕ್’ ಎನ್ನುತ್ತದೆ. ಈಚೆಗೆ ನೋವೂ ಸೇರಿಕೊಂಡಿದೆ. ಕಿವಿ ತೋರಿಸಿದೆ, ಅದರಲ್ಲಿ ಏನೂ ತೊಂದರೆ ಇಲ್ಲವಂತೆ. ಬಲಗಡೆಗೆ ವಿಶ್ರಾಂತಿ ಸಿಗಲೆಂದು ಎಲ್ಲವನ್ನೂ ಎಡಗಡೆಯಲ್ಲೇ ಅಗಿಯುತ್ತಿದ್ದೇನೆ. ಆದರೂ ಹುರಿದ ಕಡಲೆಕಾಯಿ ತಿಂದ ದಿನ ಬಲಗಡೆಯ ನೋವು ಹೆಚ್ಚುತ್ತದೆ. ಏಕೆ?
– ಓದುಗರು, ಚಿಂತಾಮಣಿ

ಉತ್ತರ: ಎಡಗಡೆಯಲ್ಲಿ ಅಗಿಯುತ್ತಿರುವುದರಿಂದಲೇ ಇರಬಹುದು, ಮೇಡಂ. ನಿಮಗೆ ಈ ಸಲಹೆಯನ್ನು ಕೊಟ್ಟವರು ಯಾರೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ನಮ್ಮಲ್ಲಿ ಹಲ್ಲಿನ ವಿಷಯಕ್ಕೆ ಸಲಹೆ ಕೊಡದ ನೆಂಟರು ಸಿಗುವುದು ಕಷ್ಟ.

ಎರಡೂ ಕಿವಿಗಳ ಮುಂದೆ ಬೆರಳ ತುದಿಯಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಮೊದಲು ಬೆರಳಿನ ಕೆಳಗೆ ಎಲುಬಿನ ಒಂದು ಗುಬುಟು ಇದ್ದಲ್ಲೇ ತಿರುಗುತ್ತದೆ. ಅದು ಕೆಳದವಡೆಯ ತಲೆ. ಮುಂದಿನ ಹಲ್ಲುಗಳ ನಡುವೆ ಸುಮಾರು 20ರಿಂದ 25 ಮಿಲಿಮೀಟರ್ ಅಂತರವಾಗುವವರೆಗೆ ಮುಖ್ಯವಾಗಿ ಈ ತಿರುಗಾಟವೇ ಸಾಕು. ಇನ್ನೂ ಅಗಲಿಸಿದರೆ ಗುಬುಟು ತನ್ನ ಗುಳಿಯನ್ನು ಬಿಟ್ಟು ಮುಂದಕ್ಕೂ ಕೆಳಕ್ಕೂ ಜಾರುತ್ತದೆ, ನಿಮ್ಮ ಬೆರಳಿನ ಕೆಳಗೆ ಸಣ್ಣ ತಗ್ಗು ಬೀಳುತ್ತದೆ. ಪೂರ್ತಿ ತೆರೆದ ಬಾಯಿ ದೊಡ್ಡವರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್, ಅಂದರೆ ಅವರವರ ಮೂರು ಬೆರಳುಗಳು ಒಂದರ ಮೇಲೊಂದು ಹಿಡಿಸುವಷ್ಟು.

ಹೀಗೆ ತಿರುಗಲಿಕ್ಕೂ ಜಾರಲಿಕ್ಕೂ ಒಂದೇ ಕೀಲಿಗೆ ಸಾಧ್ಯವಾಗುವುದು ನಡುವೆ ಕುಳಿತಿರುವ ಡಿಸ್ಕಿನಿಂದ. ಬಿಂದಿಗೆ ಹೊರುವಾಗ ತಲೆಯ ಮೇಲಿಡುವ ಸಿಂಬೆಯಂತೆ ಅದರ ಅಂಚು ದಪ್ಪ, ನಡು ತೆಳು. ಅದರ ಕೆಳಗಿನ ಅರೆಯಲ್ಲಿ ತಿರುಗಾಟ, ಮೇಲಿನ ಅರೆಯಲ್ಲಿ ಜಾರಾಟ. ಗುಬುಟು ಮುಂದೆ ಹೋದರೆ ಡಿಸ್ಕೂ ಜೊತೆಗೆ ಹೋಗಬೇಕು. ನಿಮ್ಮ ಬಲಗಡೆಯ ಡಿಸ್ಕು ಬಹುಶಃ ಸ್ವಲ್ಪ ಮುಂದಕ್ಕೆ ಸರಿದು ಕುಳಿತಿದೆ. ಬಾಯಿ ತೆರೆಯುವಾಗ ಗುಬುಟು ಅದರ ಹಿಂದಿನ ದಪ್ಪ ಅಂಚನ್ನು ಹತ್ತಿ ನಡುವಿಗೆ ಇಳಿಯುವುದೇ ಆ ‘ಟಕ್’. ಮುಚ್ಚುವಾಗ ಮತ್ತೆ ಜಾರಿ ಇಳಿಯುವ ಸದ್ದು ಮೆಲ್ಲಗಿರುವುದರಿಂದ ಹಲವರಿಗೆ ಕೇಳಿಸುವುದಿಲ್ಲ.

ಇನ್ನು ಅಗಿಯುವ ವಿಷಯ. ಅಗಿಯುವಾಗ ದವಡೆ ಬರೀ ಮೇಲೆ ಕೆಳಗೆ ಆಡುತ್ತದೆ ಎಂದುಕೊಂಡಿದ್ದರೆ ಕನ್ನಡಿಯ ಮುಂದೆ ನಿಂತು ಒಂದು ಚೂರು ಕೊಬ್ಬರಿ ಅಗಿದು ನೋಡಿ. ತಿಪಟೂರಿನದೇ ಆಗಬೇಕೆಂದೇನಿಲ್ಲ, ಆದರೆ ಅದೇ ಆದರೆ ರುಚಿ ಬೇರೆ. ಗದ್ದ ಕೆಳಗಿಳಿಯುತ್ತದೆ, ತುತ್ತಿರುವ ಕಡೆಗೆ ವಾಲುತ್ತದೆ, ಅಲ್ಲಿಂದ ನುರಿಯುತ್ತಾ ಮಧ್ಯಕ್ಕೆ ಬಂದು ಮುಚ್ಚುತ್ತದೆ. ಎಡಗಡೆ ಅಗಿಯುವಾಗ ಎಡಗುಬುಟು ಹೆಚ್ಚೂಕಡಿಮೆ ತನ್ನ ಗುಳಿಯಲ್ಲೇ ಇದ್ದು ತಿರುಗುತ್ತದೆ, ಕೊಂಚ ಹೊರಕ್ಕೆ ಸರಿಯುತ್ತದೆ. ಈ ಪಕ್ಕಸರಿತವನ್ನು ಇಂಗ್ಲೆಂಡಿನ ದಂತವೈದ್ಯ ಬೆನೆಟ್ 1908ರಲ್ಲಿ ವಿವರಿಸಿದ, ಇವತ್ತಿಗೂ ಅದು ಅವನ ಹೆಸರಿನಲ್ಲೇ ಇದೆ. ದೂರ ಓಡಾಡುವುದು ಬಲಗುಬುಟು: ಮುಂದಕ್ಕೆ, ಕೆಳಕ್ಕೆ, ತುಸು ಒಳಕ್ಕೆ ಹೋಗಿ, ಸ್ನಾಯುಗಳು ಬಿಗಿಯುತ್ತಿರುವಾಗಲೇ ಹಿಂದಿರುಗಿ ಗುಳಿ ಸೇರಬೇಕು. ಕೆಳದವಡೆ ಒಂದೇ ಎಲುಬು, ಎಡದ ಕೀಲನ್ನು ಮಾತ್ರ ದುಡಿಸಿ ಬಲದ್ದಕ್ಕೆ ರಜೆ ಕೊಡಲು ಬರುವುದಿಲ್ಲ.

ಅಷ್ಟೇ ಅಲ್ಲ. ತುತ್ತಿರುವ ಕಡೆಯಲ್ಲಿ ಒತ್ತಡದ ದೊಡ್ಡ ಪಾಲನ್ನು ಹಲ್ಲುಗಳ ನಡುವಿನ ಆಹಾರವೇ ಹೊರುವುದರಿಂದ ಆ ಕಡೆಯ ಕೀಲು ತುಸು ಹಗುರಾಗುತ್ತದೆ. ಎದುರು ಕಡೆಯ ಕೀಲಿನ ಮೇಲೆ ಭಾರ ಹೆಚ್ಚು. ಎಡಗಡೆ ಕಡಲೆಕಾಯಿ ಅಗಿದಾಗ ಬಲಗಡೆ ನೋಯುವುದರ ಗುಟ್ಟು ಇದು.

ನನ್ನ ಬಿ.ಎಚ್. ರಸ್ತೆಯ ಕ್ಲಿನಿಕ್ಕಿನಲ್ಲಿ ಇದಕ್ಕೆ ಬಳಸುವ ಉಪಕರಣ ಐಸ್‌ಕ್ರೀಮ್ ಕಡ್ಡಿಯಂಥ ಮರದ ಪಟ್ಟಿ. ಎಡಗಡೆಯ ದವಡೆಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತೇನೆ. ಬಲಗಿವಿಯ ಮುಂದೆ ಚುಳುಕೆಂದರೆ, ಪಟ್ಟಿಯನ್ನು ಬಲಗಡೆಗೆ ಬದಲಿಸಿದಾಗ ಅದು ತಗ್ಗಿದರೆ, ನೋವು ಕೀಲಿನದು. ಪಟ್ಟಿ ಇಟ್ಟ ಕಡೆಯೇ ಕೆನ್ನೆಯಲ್ಲಿ ನೋಯುತ್ತದೆ ಎನ್ನುವವರಿಗೆ ತೊಂದರೆ ಬಹುಮಟ್ಟಿಗೆ ಸ್ನಾಯುವಿನದು.

ಹಾಗೆಂದು ನಾಳೆಯಿಂದ ಬಲಗಡೆಯಲ್ಲೇ ಅಗಿಯಲು ಹೊರಡಬೇಡಿ. ಗಟ್ಟಿ ಪದಾರ್ಥವನ್ನೇ ಕೆಲವು ವಾರ ಬಿಟ್ಟು, ಮೆತ್ತಗಿನದನ್ನು ಎರಡೂ ಕಡೆ ಸಣ್ಣ ತುತ್ತಾಗಿ ತಿನ್ನಿ. ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು: ಮುದ್ದೆಯನ್ನು ಅಗಿಯುವವರನ್ನು ಕಂಡರೆ ನಗುತ್ತೇವೆ. ಮುದ್ದೆ, ಬಸ್ಸಾರು, ಹಿತಕಿದ ಅವರೆಬೇಳೆ, ಮಾಗಿದ ಮಾವಿನ ಹೋಳು, ಎಲ್ಲವೂ ಆಗಬಹುದು. ಕಬ್ಬನ್ನು ಹಲ್ಲಿನಿಂದ ಸಿಗಿಯುವುದು, ನಿಪ್ಪಟ್ಟು, ಚ್ಯೂಯಿಂಗ್ ಗಮ್ ಬೇಡ. ನೋವಿರುವಲ್ಲಿ ಬಿಸಿ ಬಟ್ಟೆಯ ಶಾಖ ಕೊಡಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಹಿಡಿಯಿರಿ. ತಿನ್ನದೆ, ಮಾತನಾಡದೆ ಇರುವಾಗ ತುಟಿಗಳು ಸೇರಿರಲಿ, ಹಲ್ಲುಗಳು ಸೇರಿರಬಾರದು. ಉತ್ತರಪತ್ರಿಕೆ ತಿದ್ದುವಾಗ ಹಲ್ಲು ಕಚ್ಚಿ ಕೂರುವ ಅಭ್ಯಾಸ ನಿಮಗಿದೆಯೇ ಎಂದು ಒಮ್ಮೆ ಗಮನಿಸಿ. ಸದ್ದು ಇನ್ನೂ ಇದೆಯೇ ಎಂದು ಪದೇ ಪದೇ ಪರೀಕ್ಷಿಸುವುದನ್ನು ಮೊದಲು ಬಿಡಿ.

ನೋವಿಲ್ಲದ ಬರಿಯ ಸದ್ದಿಗೆ ನಾನು ಚಿಕಿತ್ಸೆ ಕೊಡುವುದಿಲ್ಲ. ‘ಹಲ್ಲು ಉಜ್ಜಿ ಕಚ್ಚು ಸರಿ ಮಾಡುತ್ತೇವೆ’ ಎಂದು ಮೊದಲ ಭೇಟಿಯಲ್ಲೇ ಯಾರಾದರೂ ಯಂತ್ರ ಹಿಡಿದು ಬಂದರೆ ಎದ್ದು ಬನ್ನಿ, ಉಜ್ಜಿದ ಹಲ್ಲು ಮರಳಿ ಬೆಳೆಯದು. ಆದರೆ ಒಂದು ದಿನ ಸದ್ದು ತಟ್ಟನೆ ನಿಂತು ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಿದ್ದರೆ ವಾಸಿಯಾಯಿತೆಂದು ಸಂತೋಷಪಡಬೇಡಿ. ಡಿಸ್ಕು ಮುಂದೆಯೇ ಸಿಕ್ಕಿಕೊಂಡಿರಬಹುದು, ತಡಮಾಡದೆ ತೋರಿಸಬೇಕು.

ಪ್ರಶ್ನೆ: ನಮ್ಮ ಸೀಮೆಹಸು ದವಡೆಯನ್ನು ಅಡ್ಡಡ್ಡ ಆಡಿಸುತ್ತಾ ಮೆಲುಕು ಹಾಕುತ್ತದೆ. ನಾಯಿ ಏಕೆ ಹಾಗೆ ಅಗಿಯುವುದಿಲ್ಲ?
– 8ನೆಯ ತರಗತಿ ವಿದ್ಯಾರ್ಥಿ, ಮುಳಬಾಗಿಲು

ಉತ್ತರ: ಒಳ್ಳೆಯ ಕಣ್ಣು ನಿನ್ನದು. ನಾಯಿಯ ದವಡೆಯ ತಲೆ ಅಡ್ಡಲಾಗಿ ಮಲಗಿದ ಉರುಳೆಯಂತಿದ್ದು ಬಿಗಿಯಾದ ಗುಳಿಯಲ್ಲಿ ಕುಳಿತಿರುತ್ತದೆ. ಮಾಂಸವನ್ನು ಕತ್ತರಿಸಿ ನುಂಗಲು ತೆರೆದು ಮುಚ್ಚಿದರೆ ಸಾಕು, ಪಕ್ಕಕ್ಕೆ ಆಡಲು ಜಾಗವೇ ಕಡಿಮೆ. ಹಸುವಿನ ಕೀಲು ಚಪ್ಪಟೆ, ಸಡಿಲ. ಹುಲ್ಲನ್ನು ಅರೆಯಬೇಕಲ್ಲ! ಅದರ ಮೇಲ್ದವಡೆ ಕೆಳದವಡೆಗಿಂತ ಅಗಲ, ಆದ್ದರಿಂದ ಒಂದು ಸಲಕ್ಕೆ ಒಂದೇ ಕಡೆ ಅಗಿಯುತ್ತದೆ. ಹಸುವಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳಿಲ್ಲ ಎಂಬುದನ್ನೂ ಅಪ್ಪನ ಜೊತೆ ನಿಂತು ನೋಡು, ಒಬ್ಬನೇ ಬಾಯಿಗೆ ಕೈ ಹಾಕಬೇಡ. ನಮ್ಮದು ಈ ಎರಡರ ನಡುವಿನ ಕೀಲು.

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಬಾಯಿಗೆ ಎರಡು ಬೆರಳೂ ಹೋಗುವುದಿಲ್ಲ, ಸಾರಿನ ಖಾರ ತಡೆಯುವುದಿಲ್ಲ. ದವಡೆ ಜಾರಿರಬಹುದೆಂದು ಊರಿನಲ್ಲಿ ಎಳೆಸಲು ಹೇಳುತ್ತಾರೆ. ಎಳೆಸಬಹುದೇ? ಗುಟ್ಕಾ ಅಭ್ಯಾಸ ಸ್ವಲ್ಪ ಇದೆ.
– ಓದುಗರು, ಗುಬ್ಬಿ ತಾಲ್ಲೂಕು

ಉತ್ತರ: ಎಳೆಸಬೇಡಿ. ಕೊನೆಯಲ್ಲಿ ಬರೆದ ಸಾಲನ್ನು ನೀವು ಮೊದಲು ಬರೆಯಬೇಕಿತ್ತು, ಯಜಮಾನರೇ. ಬಾಯಿ ತೆರೆಯದಿರುವುದಕ್ಕೆಲ್ಲ ಕೀಲು ಕಾರಣವಲ್ಲ. ಖಾರ ಉರಿಯುವುದು, ಬಾಯಿ ದಿನೇ ದಿನೇ ಕಿರಿದಾಗುವುದು ಎರಡೂ ಜೊತೆಗಿದ್ದರೆ ನಾನು ಮೊದಲು ಕೆನ್ನೆಯ ಒಳಗೆ ಬೆರಳಾಡಿಸುತ್ತೇನೆ. ಅಡಿಕೆಯ ರಸಕ್ಕೆ ಅಲ್ಲಿನ ಮೆತ್ತನೆಯ ಪೊರೆ ಬಿಳಿಚಿ, ನಾರುಗಟ್ಟಿ, ಪಟ್ಟಿಪಟ್ಟಿಯಾಗಿ ಬಿಗಿದಿರುತ್ತದೆ. ಕೀಲು ಜಾರಲು ಸಿದ್ಧವಿದ್ದರೂ ಕೆನ್ನೆ ಬಿಡುವುದಿಲ್ಲ. ತಂಬಾಕಿಲ್ಲದ ಬರಿಯ ಅಡಿಕೆಯಿಂದಲೂ ಇದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನನ್ನ ತವರಿನಲ್ಲೂ ಅಡಿಕೆ ತೋಟವಿದೆ, ಇದನ್ನು ಬರೆಯುವುದು ನನಗೇನೂ ಹಿತವಲ್ಲ.

ಗುಟ್ಕಾ, ಅಡಿಕೆ ಎರಡೂ ಇಂದೇ ನಿಲ್ಲಬೇಕು. ಈ ವಾರದಲ್ಲೇ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಗಿದದ್ದು ಪೂರ್ತಿ ಸಡಿಲವಾಗುತ್ತದೆಂದು ಮಾತು ಕೊಡಲಾರೆ. ವ್ಯಾಯಾಮ, ಚುಚ್ಚುಮದ್ದು, ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪವಾದರೂ ತೆರೆಯಬಹುದು. ಅಲ್ಲಿ ಹುಣ್ಣು, ಗಂಟು ಏನಾದರೂ ಇದೆಯೇ ಎಂದು ನೋಡುವುದು ಅದಕ್ಕಿಂತ ಮುಖ್ಯ.

ಪ್ರಶ್ನೆ: ಅಜ್ಜಿ ಆಕಳಿಸಿದಾಗ ತೆರೆದ ಬಾಯಿ ಮುಚ್ಚಲೇ ಇಲ್ಲ. ಆಸ್ಪತ್ರೆಯಲ್ಲಿ ಸರಿ ಮಾಡಿದರು. ಮತ್ತೆ ಆದರೆ ಮನೆಯಲ್ಲೇ ಮಾಡಬಹುದೇ?
– ಓದುಗರು, ಮಾಲೂರು

ಉತ್ತರ: ಬೇಡ. ಗುಬುಟು ತನ್ನ ಮುಂದಿನ ದಿಣ್ಣೆಯನ್ನು ದಾಟಿ ಆಚೆ ಬಿದ್ದಿರುತ್ತದೆ, ಸ್ನಾಯುಗಳು ಸೆಟೆದು ಅಲ್ಲೇ ಹಿಡಿದಿರುತ್ತವೆ. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ ಕೆಳದವಡೆಯನ್ನು ಮೊದಲು ಕೆಳಕ್ಕೆ ಒತ್ತಿ ಆಮೇಲೆ ಹಿಂದಕ್ಕೆ ತಳ್ಳುವ ವಿಧಾನ ಪ್ರಾಚೀನ ಗ್ರೀಸಿನ ಹಿಪೊಕ್ರೆಟಿಸನ ಕಾಲದ್ದು. ನೋಡಲು ಸುಲಭ, ಆದರೆ ಕೆಳಕ್ಕೆ ಒತ್ತದೆ ಹಿಂದಕ್ಕೇ ತಳ್ಳಿದರೆ ನೋವು ಹೆಚ್ಚುತ್ತದೆ. ಅದು ಒಳಗೆ ಕೂರುವ ಕ್ಷಣದಲ್ಲಿ ಬಾಯಿ ರಪ್ಪನೆ ಮುಚ್ಚಿ ಬೆರಳು ಸಿಗುವುದೂ ಉಂಟು. ತಲೆಗೂ ಗದ್ದಕ್ಕೂ ಸೇರಿಸಿ ಸಡಿಲವಾಗಿ ಬಟ್ಟೆ ಕಟ್ಟಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಹಲ್ಲಿನ ಸೆಟ್ ಇದ್ದು ಸುಲಭವಾಗಿ ಬರುವುದಾದರೆ ಹೊರಡುವ ಮೊದಲೇ ತೆಗೆದು ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ಯಿರಿ.